ರೇಸ್ ಕಾರಿಗೆ ಪವರ್ ಸ್ಟೀರಿಂಗ್: ಪಂಪ್ ಇಡುವುದೋ, ಮೋಟಾರ್ ಹಾಕುವುದೋ, ಕಿತ್ತೇ ಬಿಡುವುದೋ?

ಮಳೆಗಾಲ ಮುಗಿದು ನೆಲ ಒಣಗುತ್ತಿದ್ದ ಹಾಗೆ ಬೆಳಗಾವಿಯ ಶೆಡ್ಡುಗಳಲ್ಲಿ ಹಳೆಯ ಎಸ್ಟೀಮ್, ಆಲ್ಟೊ, ಸ್ವಿಫ್ಟ್ ಬಿಚ್ಚುವ ಕೆಲಸ ಶುರುವಾಗುತ್ತದೆ. ಅದರ ಹಿಂದೆಯೇ ನನಗೆ ಫೋನ್. ಎಂಜಿನ್ ಬಗ್ಗೆ ಕೇಳುವವರು ಕಡಿಮೆ, ಅದು ಎಲ್ಲರಿಗೂ ಗೊತ್ತಿರುತ್ತದೆ ಅಥವಾ ಗೊತ್ತಿದೆ ಅಂದುಕೊಂಡಿರುತ್ತಾರೆ. ಕೇಳುವುದು ಇದನ್ನೇ: "ಪವರ್ ಸ್ಟೀರಿಂಗ್ ಇಡಲಾ, ತೆಗೆಯಲಾ?" ವಿಜಯಪುರದಿಂದ ಒಬ್ಬರು, ಬಾಗಲಕೋಟೆಯಿಂದ ಇಬ್ಬರು, ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ನಾಲ್ಕು ಜನ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ಗಂಟಲು ಒಣಗಿತು. ಹಾಗಾಗಿ ಒಂದು ಸಲ ಬರೆದೇ ಇಡುತ್ತಿದ್ದೇನೆ.

ಪವರ್ ಸ್ಟೀರಿಂಗ್ ಅಂದರೆ ಸ್ಟೀರಿಂಗ್ ತಿರುಗಿಸುವ ಕೈಗೆ ಪಂಪ್ ಅಥವಾ ಮೋಟಾರ್ ಕೊಡುವ ಸಹಾಯ. ಒಂದು ಮಾತು ಮೊದಲೇ ಹೇಳುತ್ತೇನೆ. ರೇಸ್ ಕಾರಿನಲ್ಲಿ ಪವರ್ ಸ್ಟೀರಿಂಗ್ ಇರುವುದು ಸುಖಕ್ಕಲ್ಲ. ಕೈ ಎಷ್ಟು ಬೇಗ ತಿರುಗಬೇಕು, ಇಪ್ಪತ್ತು ನಿಮಿಷ ಆದ ಮೇಲೂ ಅಷ್ಟೇ ಬೇಗ ತಿರುಗುತ್ತದೆಯೋ ಇಲ್ಲವೋ, ಲೆಕ್ಕ ಅಲ್ಲಿದೆ. ಆದ್ದರಿಂದ ಪಂಪ್ ಯಾವುದು, ಮೋಟಾರ್ ಯಾವುದು ಅನ್ನುವುದು ಎರಡನೆಯ ಪ್ರಶ್ನೆ. ಮೊದಲು ನೋಡಬೇಕಾದದ್ದು ರ್ಯಾಕ್.

ಪದಗಳ ಗೊಂದಲ ಬೇಡ. ಕೈಯಲ್ಲಿ ಹಿಡಿಯುವುದನ್ನು ಸ್ಟೀರಿಂಗ್ ಚಕ್ರ ಅನ್ನುತ್ತೇನೆ, ನೆಲದ ಮೇಲೆ ಉರುಳುವುದನ್ನು ಗಾಲಿ. ರ್ಯಾಕ್ ಅಂದರೆ ಹಲ್ಲು ಇರುವ ಉದ್ದ ಸರಳು. ಅದರ ಮೇಲೆ ಕೂತು ಅದನ್ನು ಎಡಬಲ ತಳ್ಳುವ ಸಣ್ಣ ಗೇರ್ ಪಿನಿಯನ್. ರ್ಯಾಕ್‌ನ ಎರಡು ತುದಿಯಿಂದ ಗಾಲಿಗೆ ಹೋಗುವವು ಟೈ ರಾಡ್. ಸ್ಟೀರಿಂಗ್ ಚಕ್ರದಿಂದ ಪಿನಿಯನ್ ಕಡೆಗೆ ಇಳಿಯುವ ದಂಡ ಕಾಲಂ. ಇಷ್ಟು ಸಾಕು, ಉಳಿದದ್ದು ಬಂದಾಗ ಹೇಳುತ್ತೇನೆ.

ಹಂತ 1: ತೂಕ ಹಾಕಿಸಿ

ಕಾರನ್ನು ತೂಕದ ಕಾಟಾಗೆ ತೆಗೆದುಕೊಂಡು ಹೋಗಿ. ಕಬ್ಬು, ಹತ್ತಿ ತೂಗುವ ವೇ ಬ್ರಿಡ್ಜ್ ಸಾಕು, ನಮ್ಮ ಮೂರೂ ಜಿಲ್ಲೆಯಲ್ಲಿ ಅದಕ್ಕೇನು ಬರವಿಲ್ಲ. ಮುಂದಿನ ಎರಡು ಗಾಲಿ ಮಾತ್ರ ಕಾಟಾ ಮೇಲೆ ಬರುವ ಹಾಗೆ ನಿಲ್ಲಿಸಿ ಬರೆದುಕೊಳ್ಳಿ. ಆಮೇಲೆ ಪೂರ್ತಿ ಕಾರಿನ ತೂಕ. ಡ್ರೈವರ್ ಒಳಗೆ ಕೂತಿರಲಿ, ಟ್ಯಾಂಕ್ ಅರ್ಧ ತುಂಬಿರಲಿ. ಕಾಟಾದಲ್ಲಿ ಹತ್ತು ಕೆಜಿ ಆಚೆ ಈಚೆ ಆಗುತ್ತದೆ, ನಮ್ಮ ಕೆಲಸಕ್ಕೆ ನಡೆಯುತ್ತದೆ.

ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ. ಮುಂಭಾಗ 400 ಕೆಜಿ ಒಳಗಿದ್ದು ಟೈರ್ 175 ಅಥವಾ 185 ಮಿ.ಮೀ. ಅಗಲ ಇದ್ದರೆ ಪವರ್ ಇಲ್ಲದೆ ಓಡಿಸಬಹುದು. 400ರಿಂದ 550 ಕೆಜಿ ನಡುವೆ ಇದ್ದರೆ ಮುಂದಿನ ಹಂತಗಳನ್ನು ನೋಡಿ ತೀರ್ಮಾನಿಸಿ. ಅದಕ್ಕಿಂತ ಜಾಸ್ತಿ ಇದ್ದು ಮೆತ್ತನೆಯ ರೇಸ್ ಟೈರ್ ಹಾಕುವವರಿದ್ದರೆ ಪವರ್ ಬೇಕು, ಸುಮ್ನೆ ಹಟ ಮಾಡಬೇಡಿ. ಇದು ಪುಸ್ತಕದ ನಿಯಮ ಅಲ್ಲ, ನನ್ನ ಶೆಡ್ಡಿನ ನಿಯಮ.

ಕಾಲೇಜಿನ ಹುಡುಗರೇ, ಫಾರ್ಮುಲಾ ಸ್ಟೂಡೆಂಟ್, ಅಂದರೆ ಕಾಲೇಜು ತಂಡಗಳೇ ಸಣ್ಣ ರೇಸ್ ಕಾರು ಕಟ್ಟಿ ಓಡಿಸುವ ಸ್ಪರ್ಧೆ, ಆ ಮಾದರಿಯ ಕಾರು ಕಟ್ಟುವವರು ಇಲ್ಲಿಗೇ ನಿಲ್ಲಿಸಬಹುದು. ನಿಮ್ಮ ಕಾರು ಇನ್ನೂರು ಮುನ್ನೂರು ಕೆಜಿ ಆಸುಪಾಸು, ಪವರ್ ಬೇಕಾಗಿಯೇ ಇಲ್ಲ. ಮೇಲಾಗಿ ಅದೇ ಬಗೆಯ ಸ್ಪರ್ಧೆಯಾದ ಫಾರ್ಮುಲಾ ಎಸ್‌ಎಇ ನಿಯಮದಲ್ಲಿ ಸ್ಟೀರಿಂಗ್ ಚಕ್ರ ಮುಂದಿನ ಗಾಲಿಗೆ ಯಾಂತ್ರಿಕವಾಗಿ ಜೋಡಿಸಿರಬೇಕು, ಮತ್ತು ಆಟ, ಅಂದರೆ ಗಾಲಿ ಕದಲದೆ ಚಕ್ರ ಸುಮ್ಮನೆ ಅಲುಗಾಡುವುದು, ಒಟ್ಟು 7 ಡಿಗ್ರಿ ದಾಟಬಾರದು. ನಿಮ್ಮ ತಲೆನೋವು ಅದು, ಪಂಪ್ ಅಲ್ಲ. ನೀವು ಹೋಗುವ ಸ್ಪರ್ಧೆಯ ಆ ವರ್ಷದ ರೂಲ್‌ಬುಕ್ ತೆಗೆದು ಸ್ಟೀರಿಂಗ್ ಭಾಗ ಪೂರ್ತಿ ಓದಿ.

ಹಂತ 2: ಕೈಗೆ ಎಷ್ಟು ಭಾರ ಅಂತ ಅಳೆಯಿರಿ

ಭಾರ ಅಂತ ಬಾಯಲ್ಲಿ ಹೇಳುವುದು ಬೇರೆ, ಅಳೆಯುವುದು ಬೇರೆ. ಹುಕ್ ಇರುವ ಸ್ಪ್ರಿಂಗ್ ತಕ್ಕಡಿ ಒಂದು ತನ್ನಿ. ಸ್ಟೀರಿಂಗ್ ಚಕ್ರದ ಅಂಚಿಗೆ ಸಿಕ್ಕಿಸಿ, ಚಕ್ರ ತಿರುಗುವ ದಿಕ್ಕಿಗೆ ನೇರವಾಗಿ ಎಳೆಯಿರಿ. ನಿಂತ ಕಾರಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ, ಏಕೆಂದರೆ ನಿಂತ ಗಾಲಿ ತಿರುಗಿಸುವುದೇ ಎಲ್ಲಕ್ಕಿಂತ ಭಾರ, ಮತ್ತು ರೇಸಿನಲ್ಲಿ ಯಾರೂ ನಿಂತು ತಿರುಗಿಸುವುದಿಲ್ಲ. ಇಬ್ಬರು ಹಿಂದಿನಿಂದ ಕಾರನ್ನು ನಡಿಗೆಯ ವೇಗದಲ್ಲಿ ತಳ್ಳಲಿ, ಆಗ ಅಳೆಯಿರಿ. ಅಂಚಿನಲ್ಲಿ 8ರಿಂದ 10 ಕೆಜಿ ದಾಟಿದರೆ ನಾನು ಪವರ್ ಕಡೆಗೆ ವಾಲುತ್ತೇನೆ. ಓಡುವಾಗ ತಿರುವಿನಲ್ಲಿ ಬೀಳುವ ಭಾರ ಬೇರೆಯೇ, ಆದರೆ ಎರಡು ಕಾರು ಹೋಲಿಸಲು, ಬದಲಾವಣೆ ಮಾಡುವ ಮೊದಲು ಮತ್ತು ಆಮೇಲೆ ನೋಡಲು ಈ ಅಳತೆ ಬಹಳ ಉಪಯೋಗ.

ಈಗ ಬಹಳ ಜನ ಎಡವುವ ಜಾಗಕ್ಕೆ ಬಂದೆವು. ಸ್ಟೀರಿಂಗ್ ಭಾರ ಆಗಲು ಕಾರಣ ಪವರ್ ಇಲ್ಲದಿರುವುದು ಒಂದೇ ಅಲ್ಲ. ನೀವೇ ಕೈಯಾರೆ ಭಾರ ಮಾಡಿಕೊಂಡಿರುತ್ತೀರಿ. ಇವನ್ನು ನೋಡಿ:

ಸ್ಟೀರಿಂಗ್ ಚಕ್ರದ ಅಳತೆ. ಕಂಪನಿಯ 380 ಮಿ.ಮೀ. ಚಕ್ರ ಬಿಚ್ಚಿ ಚೆಂದ ಕಾಣುತ್ತದೆ ಅಂತ 320 ಮಿ.ಮೀ. ಹಾಕಿದರೆ ಕೈಗೆ ಬೀಳುವ ಭಾರ ಸುಮಾರು ಶೇ. 19ರಷ್ಟು ಏರುತ್ತದೆ. 380 ಭಾಗಿಸು 320, ಅಷ್ಟೇ ಲೆಕ್ಕ. ಪವರ್ ಇಲ್ಲದ ಕಾರಿಗೆ 350ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

ಗಾಲಿ ಹೊರಗೆ ಬಂದಿರುವುದು. ಅಗಲ ಅಲಾಯ್ ಗಾಲಿ, ಅದಕ್ಕೊಂದು ಸ್ಪೇಸರ್, ಅಂದರೆ ಗಾಲಿಯನ್ನು ಹೊರಗೆ ತಳ್ಳುವ ಬಿಲ್ಲೆ ಹಾಕಿದರೆ ಟೈರಿನ ನಡುಗೆರೆ ತಿರುಗುವ ಬಿಂದುವಿನಿಂದ ದೂರ ಹೋಗುತ್ತದೆ. ಈ ದೂರಕ್ಕೆ ಸ್ಕ್ರಬ್ ರೇಡಿಯಸ್ ಅನ್ನುತ್ತಾರೆ. ಅದು ಹೆಚ್ಚಿದಷ್ಟೂ ನೆಲದ ಪ್ರತಿ ಗುಂಡಿ, ಪ್ರತಿ ಕಲ್ಲು ನೇರ ನಿಮ್ಮ ಮಣಿಕಟ್ಟಿಗೆ ಬರುತ್ತದೆ.

ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವ ಹಾಗೆ ಕಾರಿನ ಗಾಲಿ ತಿರುಗುವ ಅಕ್ಷವೂ ಹಿಂದಕ್ಕೆ ವಾಲಿರುತ್ತದೆ, ಆ ವಾಲಿಕೆಯೇ ಕ್ಯಾಸ್ಟರ್. ಅದು ಜಾಸ್ತಿ ಇದ್ದರೆ ಕಾರು ನೇರ ಓಡುತ್ತದೆ, ಚಕ್ರ ತಾನಾಗಿ ನಡುವಿಗೆ ಬರುತ್ತದೆ, ತಿರುವಿನಲ್ಲಿ ಟೈರ್ ಚೆನ್ನಾಗಿ ಕೂರುತ್ತದೆ. ಬೆಲೆ ಮಾತ್ರ ನಿಮ್ಮ ತೋಳು ಕಟ್ಟಬೇಕು. ಪವರ್ ಇದ್ದರೆ 5-6 ಡಿಗ್ರಿ ಕ್ಯಾಸ್ಟರ್ ಹೆದರದೆ ಕೊಡಬಹುದು. ಪವರ್ ಸ್ಟೀರಿಂಗ್‌ನ ನಿಜವಾದ ಲಾಭ ಇಲ್ಲೂ ಇದೆ. ಇದನ್ನು ಕೇಳಿದ ಮೇಲೆ ಎಷ್ಟೋ ಜನ ಪಂಪ್ ಕಿತ್ತು ಎಸೆಯುವ ಯೋಚನೆ ಬಿಟ್ಟಿದ್ದಾರೆ.

ಇವಲ್ಲದೆ ಒಣಗಿದ ಬಾಲ್ ಜಾಯಿಂಟ್, ತುಕ್ಕು ಹಿಡಿದ ಯುಜೆ ಕ್ರಾಸ್ (ಕಾಲಂ ಬಾಗಿದ ಕಡೆಯೂ ತಿರುಗುವ ಹಾಗೆ ಇರುವ ಜೋಡಣೆ), ಸ್ಟ್ರಟ್ (ಸಸ್ಪೆನ್ಷನ್ ಕಂಬ) ಮೇಲಿನ ಸವೆದ ಬೇರಿಂಗ್. ಇವನ್ನು ಬದಲಿಸಿ, ಆಮೇಲೆ ಮತ್ತೊಮ್ಮೆ ತಕ್ಕಡಿ ಹಿಡಿಯಿರಿ.

ಹಂತ 3: ರ್ಯಾಕ್ ಎಷ್ಟು ಚುರುಕು?

ಸ್ಟೀರಿಂಗ್ ಚಕ್ರ ಸರಿಯಾಗಿ ಒಂದು ಸುತ್ತು ತಿರುಗಿಸಿ, ಟೈ ರಾಡ್ ಎಷ್ಟು ಮಿ.ಮೀ. ಸರಿಯಿತು ಅಂತ ಅಳೆಯಿರಿ. ಒಂದು ಸುತ್ತಿಗೆ ಇಷ್ಟು ಮಿ.ಮೀ. ಅನ್ನುವ ಈ ಒಂದೇ ಅಂಕಿ ಇಟ್ಟುಕೊಂಡರೆ ಉಳಿದ ಲೆಕ್ಕ ಎಲ್ಲ ಸುಲಭ.

ರಸ್ತೆ ಕಾರಿನಲ್ಲಿ ಇದು 40-45 ಆಸುಪಾಸು ಇರಬಹುದು. ಬಿಗಿ ತಿರುವುಗಳ ಆಟೊಕ್ರಾಸ್‌ನಲ್ಲಿ, ಮಣ್ಣಿನ ಟ್ರ್ಯಾಕಿನಲ್ಲಿ ಅದು ಸಾಲದು. ಕಾರು ಹಿಂದೆ ಜಾರಿದಾಗ ಕೈ ಮೇಲೆ ಕೈ ಹಾಕಿ ತಿರುಗಿಸುವಷ್ಟರಲ್ಲಿ ಕಾರು ಹೊಲದಲ್ಲಿರುತ್ತದೆ. 55-60 ಇದ್ದರೆ ಹೆಚ್ಚಿನ ತಿರುವುಗಳಿಗೆ ಕೈ ಹಿಡಿದ ಜಾಗ ಬದಲಿಸಬೇಕಾಗಿಲ್ಲ. ಆದರೆ 42ರಿಂದ 56ಕ್ಕೆ ಹೋದರೆ ಭಾರವೂ ಮೂರನೇ ಒಂದು ಭಾಗ ಏರುತ್ತದೆ. ಭೌತಶಾಸ್ತ್ರದಲ್ಲಿ ಪುಕ್ಕಟೆ ಏನೂ ಇಲ್ಲ, ಅಲ್ವಾ?

ಪವರ್ ಬೇಕೋ ಬೇಡವೋ ಅನ್ನುವುದು ನಿಜವಾಗಿ ತೀರ್ಮಾನ ಆಗುವುದು ಈ ಹಂತದಲ್ಲಿ. ನಿಧಾನ ರ್ಯಾಕ್ ಇಟ್ಟುಕೊಂಡು "ಪವರ್ ಇಲ್ಲದೆಯೇ ಹಗುರ ಇದೆ" ಅಂದರೆ ಅದು ಗೆದ್ದ ಹಾಗಲ್ಲ. ಬೇಕಾದಷ್ಟು ಚುರುಕಾದ ರ್ಯಾಕ್ ಇಟ್ಟ ಮೇಲೆ ಕೈಗೆ ತಡೆಯುತ್ತದೆಯೇ? ತಡೆಯುವುದಾದರೆ ಪವರ್ ಬೇಡ. ಇಲ್ಲದಿದ್ದರೆ ಬೇಕು.

ಅಮೆರಿಕದ ಇಂಡಿಕಾರ್ ಸರಣಿಯ ರೇಸ್ ಕಾರುಗಳಿಗೆ ಇಂದಿಗೂ ಪವರ್ ಸ್ಟೀರಿಂಗ್ ಇಲ್ಲ, ಅಲ್ಲಿಯ ಡ್ರೈವರುಗಳ ತೋಳು ನೋಡಿದರೆ ಗೊತ್ತಾಗುತ್ತದೆ. ಫಾರ್ಮುಲಾ ಒನ್‌ನಲ್ಲಿ ಉಂಟು, ಆದರೆ ಹೈಡ್ರಾಲಿಕ್, ಅಂದರೆ ಒತ್ತಡದ ಆಯಿಲಿನಿಂದ ನಡೆಯುವುದು. ವಿದ್ಯುತ್ತಿನಿಂದ ನಡೆಯುವುದಕ್ಕೆ ಅಲ್ಲಿ ನಿಯಮ ಒಪ್ಪುವುದಿಲ್ಲ. ನಿಮ್ಮ ಕ್ಲಾಸಿನ, ಅಂದರೆ ನೀವು ಓಡುವ ಸ್ಪರ್ಧಾ ವಿಭಾಗದ ನಿಯಮ ಏನು ಹೇಳುತ್ತದೆ ಅಂತ ಕೆಲಸ ಶುರು ಮಾಡುವ ಮೊದಲೇ ನೋಡಿ. ಕೆಲವು ಕ್ಲಾಸಿನಲ್ಲಿ ಆ ಮಾದರಿಗೆ ಕಂಪನಿ ಕೊಟ್ಟ ರ್ಯಾಕ್ ಬಿಟ್ಟು ಬೇರೆ ಹಾಕುವಂತಿಲ್ಲ.

ಹಂತ 4: ದಾರಿ ಆರಿಸಿ

ನಾಲ್ಕು ದಾರಿ ಇವೆ. ಎಲ್ಲಕ್ಕೂ ಒಂದೇ ಅಳತೆಯಲ್ಲಿ ಬರೆಯುವುದಿಲ್ಲ, ನಮ್ಮವರು ಜಾಸ್ತಿ ಕೆಡಿಸಿಕೊಳ್ಳುವ ಕಡೆ ಜಾಸ್ತಿ ಬರೆಯುತ್ತೇನೆ.

ಮೊದಲನೆಯದು, ಸಾದಾ ರ್ಯಾಕ್, ಅಂದರೆ ಪವರ್ ಇಲ್ಲದ್ದು. ಮಾರುತಿ 800ರಲ್ಲಿ ಇದ್ದದ್ದು ಇದೇ, ಆಲ್ಟೊದ ಕಡಿಮೆ ಬೆಲೆಯ ಮಾದರಿಯಲ್ಲೂ ಇದೇ. ಹಗುರ, ಸೋರುವುದಿಲ್ಲ, ಸುಡುವುದಿಲ್ಲ, ನೆಲ ಏನು ಹೇಳುತ್ತಿದೆ ಅಂತ ಕೈಗೆ ನೇರ ಗೊತ್ತಾಗುತ್ತದೆ. ಸಣ್ಣ ಕಾರಿಗೆ ನನ್ನ ಮೊದಲ ಮತ ಯಾವಾಗಲೂ ಇದಕ್ಕೇ. ಒಂದೇ ಎಚ್ಚರಿಕೆ: ಮುಂದಿನ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಕಾರಿಗೆ ಮುಂದೆ ಎಲ್‌ಎಸ್‌ಡಿ ಹಾಕುವ ಯೋಚನೆ ಇದ್ದರೆ, ಅಂದರೆ ಒಂದು ಗಾಲಿ ಜಾರಿದಾಗ ಇನ್ನೊಂದಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್, ಆಗ ಆ್ಯಕ್ಸಿಲರೇಟರ್ ಒತ್ತಿದಾಗಲೆಲ್ಲ ಚಕ್ರ ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಸಾದಾ ರ್ಯಾಕ್ ಜೊತೆ ಅದು ಸುಸ್ತು ಮಾಡಿಬಿಡುತ್ತದೆ.

ಎರಡನೆಯದು, ಹೈಡ್ರಾಲಿಕ್ ರ್ಯಾಕಿನ ಪವರ್ ಕಿತ್ತು ಸಾದಾ ಮಾಡುವುದು. ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ಬೆಲ್ಟ್ ಬಿಚ್ಚಿ, ಪಂಪ್ ತೆಗೆದು, ರ್ಯಾಕಿನ ಎರಡು ಪೈಪನ್ನು ಒಂದಕ್ಕೊಂದು ಸುತ್ತಿ ಜೋಡಿಸಿದರೆ ಆಯಿತು ಅಂತ ತಿಳಿದಿದ್ದಾರೆ. ಬಹಳ ವರ್ಷದ ಹಿಂದೆ ನಾನೂ ಹಾಗೇ ಮಾಡಿ, ಎರಡನೇ ಸುತ್ತಿನಲ್ಲೇ ಮೊಣಕೈ ಹಿಡಿದುಕೊಂಡು ವಾಪಸ್ ಬಂದಿದ್ದೆ. ಏಕೆ ಅಂತ ಕೇಳಿ. ಆ ರ್ಯಾಕ್ ಒಳಗೆ ಒಂದು ಪಿಸ್ಟನ್ ಇದೆ, ಅದಕ್ಕೆ ಬಿಗಿಯಾದ ಸೀಲ್. ಪಂಪ್ ಇಲ್ಲದಿದ್ದರೆ ಆ ಪಿಸ್ಟನ್ ಒಳಗಿನ ಆಯಿಲನ್ನೋ ಗಾಳಿಯನ್ನೋ ನೀವೇ ಕೈಯಿಂದ ತಳ್ಳಬೇಕು. ಸೈಕಲ್ ಪಂಪಿನ ಬಾಯಿ ಅರ್ಧ ಮುಚ್ಚಿ ಒತ್ತಿದ ಹಾಗೆ.

ಸರಿಯಾಗಿ ಮಾಡಬೇಕೆಂದರೆ ರ್ಯಾಕ್ ಪೂರ್ತಿ ಬಿಚ್ಚಿ, ಪಿಸ್ಟನ್ ಮೇಲಿನ ಸೀಲ್ ರಿಂಗ್ ತೆಗೆಯಬೇಕು, ಹೊಸ ಗ್ರೀಸ್ ತುಂಬಬೇಕು, ಪೈಪ್ ಬಿಚ್ಚಿದ ತೂತುಗಳನ್ನು ಧೂಳು ಹೋಗದ ಹಾಗೆ, ಆದರೆ ಗಾಳಿ ಆಡುವ ಹಾಗೆ ಮುಚ್ಚಬೇಕು. ಇಷ್ಟಾದರೂ ಒಂದು ತೊಂದರೆ ಉಳಿಯುತ್ತದೆ. ಪಿನಿಯನ್ ಮೇಲೆ ಸ್ಪೂಲ್ ವಾಲ್ವ್ ಅಂತ ಇದೆ. ನೀವು ಎತ್ತ ತಿರುಗಿಸುತ್ತಿದ್ದೀರಿ ಅಂತ ನೋಡಿ ಆಯಿಲನ್ನು ಆ ಕಡೆ ಬಿಡುವ ವಾಲ್ವ್ ಅದು. ಅದರ ನಡುವೆ ಟಾರ್ಶನ್ ಬಾರ್, ಅಂದರೆ ಬೇಕೆಂದೇ ಸ್ವಲ್ಪ ತಿರುಚಿಕೊಳ್ಳುವ ತೆಳು ಸರಳು ಇರುತ್ತದೆ. ಪವರ್ ಇದ್ದಾಗ ಆ ತಿರುಚು ನಿಮಗೆ ಗೊತ್ತಾಗುವುದಿಲ್ಲ. ಪವರ್ ಹೋದ ಮೇಲೆ ಅದೇ ಆಟವಾಗಿ ಕೈಗೆ ಸಿಗುತ್ತದೆ, ಕಾರು ನಡುವಿನಲ್ಲಿ ಮಂಕಾಗುತ್ತದೆ. ಅದನ್ನು ವೆಲ್ಡ್ ಮಾಡಿ ಗಟ್ಟಿ ಮಾಡುವವರಿದ್ದಾರೆ. ಸ್ಟೀರಿಂಗ್ ಭಾಗಕ್ಕೆ ವೆಲ್ಡಿಂಗ್ ಅಂದರೆ ನನಗೆ ಮೈ ಜುಂ ಅನ್ನುತ್ತದೆ. ಬಿಸಿಗೆ ಪಿನಿಯನ್ ಸೊಟ್ಟಗಾದರೆ, ಒಳಗಿನ ಸೀಲ್ ಕರಗಿದರೆ, ಹೊರಗಿನಿಂದ ಕಾಣುವುದೂ ಇಲ್ಲ.

ನನ್ನ ಸಲಹೆ ನೇರ: ಅದೇ ಮಾದರಿಗೆ ಕಂಪನಿಯ ಸಾದಾ ರ್ಯಾಕ್ ಸಿಗುತ್ತದೆಯೇ ಹುಡುಕಿ. ಎಸ್ಟೀಮ್‌ನಲ್ಲಿ ಪವರ್ ಇಲ್ಲದ ಮಾದರಿಯೂ ಬಂದಿತ್ತು. ಗುಜರಿಯಲ್ಲಿ ಅಂಥದ್ದು ಸಿಕ್ಕರೆ ತಂದು, ಬುಷ್, ಬೂಟ್ ಬದಲಿಸಿ ಹಾಕಿ. ಕಿತ್ತು ತಿದ್ದಿದ ಪವರ್ ರ್ಯಾಕಿಗಿಂತ ಅದು ಎಷ್ಟೋ ಮೇಲು. ಮೊದಲು ಒಂದು ಸುತ್ತಿಗೆ ಎಷ್ಟು ಮಿ.ಮೀ. ಅಂತ ಅಳೆಯುವುದು ಮರೆಯಬೇಡಿ, ಸಾದಾ ರ್ಯಾಕ್ ಸಾಮಾನ್ಯವಾಗಿ ನಿಧಾನ ಇರುತ್ತದೆ.

ಮೂರನೆಯದು ಹೈಡ್ರಾಲಿಕ್ ಪವರ್, ನಾಲ್ಕನೆಯದು ಎಲೆಕ್ಟ್ರಿಕ್. ಇವೆರಡಕ್ಕೂ ಬೇರೆ ಹಂತ ಬೇಕು.

ಹಂತ 5: ಹೈಡ್ರಾಲಿಕ್ ಇಡುವುದಾದರೆ

ಎಂಜಿನ್ ಬೆಲ್ಟಿನಿಂದ ತಿರುಗುವ ಪಂಪ್, ಆಯಿಲ್ ಡಬ್ಬಿ, ಒತ್ತಡದ ಪೈಪ್, ರ್ಯಾಕ್, ವಾಪಸ್ ಬರುವ ಪೈಪ್. ಇಷ್ಟೇ ಸಂಸಾರ. ಸಾಕುವುದು ಕಷ್ಟ, ಆದರೆ ಭಾರಿ ಕಾರಿಗೆ ಇದರಷ್ಟು ಸಮನಾಗಿ, ತಡವರಿಸದೆ ಕೆಲಸ ಮಾಡುವುದು ಇನ್ನೊಂದಿಲ್ಲ.

ಪಂಪ್ ಸಾಲುತ್ತದೆಯೇ ಅಂತ ನೀವೇ ಲೆಕ್ಕ ಹಾಕಬಹುದು. ಉದಾಹರಣೆಗೆ ರ್ಯಾಕ್ ಸಿಲಿಂಡರಿನ ಒಳವ್ಯಾಸ 40 ಮಿ.ಮೀ., ನಡುವಿನ ಸರಳು 24 ಮಿ.ಮೀ. ಅಂದುಕೊಳ್ಳಿ. ಆಯಿಲ್ ಒತ್ತುವ ಜಾಗ ಸುಮಾರು 8 ಚದರ ಸೆಂ.ಮೀ. ಪಂಪ್ 80 ಬಾರ್ ಒತ್ತಡ ಕೊಟ್ಟರೆ ರ್ಯಾಕಿಗೆ ಸುಮಾರು 650 ಕೆಜಿ ಬಲ. ಬಲದ ಕೊರತೆ ಬರುವುದು ಅಪರೂಪ. ಕೊರತೆ ಬರುವುದು ಹರಿವಿಗೆ. ರ್ಯಾಕ್ ಸುತ್ತಿಗೆ 50 ಮಿ.ಮೀ. ಇದ್ದು ನೀವು ಸೆಕೆಂಡಿಗೆ ಒಂದೂವರೆ ಸುತ್ತು ತಿರುಗಿಸಿದರೆ ನಿಮಿಷಕ್ಕೆ 3.6 ಲೀಟರ್ ಆಯಿಲ್ ಬೇಕು. ಅದೇ ರ್ಯಾಕ್ 75 ಮಿ.ಮೀ. ಮಾಡಿ, ಕಾರು ಜಾರಿದಾಗ ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ 7.2 ಲೀಟರ್. ಪಂಪ್ ಅಷ್ಟು ಕೊಡದಿದ್ದರೆ ತಿರುಗಿಸುತ್ತಿರುವಾಗಲೇ ಚಕ್ರ ಗಕ್ಕನೆ ಗೋಡೆಗೆ ತಾಗಿದ ಹಾಗೆ ಆಗುತ್ತದೆ. ಅದೂ ನಿಮಗೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ. ರ್ಯಾಕ್ ಚುರುಕು ಮಾಡಿ ಪಂಪ್ ಮರೆತವರಿಗೆ ಬರುವ ಕಾಯಿಲೆ ಇದು.

ಇನ್ನೊಂದು ತುದಿಯಲ್ಲಿ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. 6000ಕ್ಕೆ ಮಾಡಿದ ಎಂಜಿನನ್ನು 7500ಕ್ಕೆ ಓಡಿಸಿದರೆ ಪಂಪೂ ಅಷ್ಟೇ ಹೆಚ್ಚು ತಿರುಗುತ್ತದೆ. ಆಯಿಲ್ ನೊರೆ ಏಳುತ್ತದೆ, ಕಾಯುತ್ತದೆ. ಮದ್ದು ಸುಲಭ: ಪಂಪಿನ ಪುಲ್ಲಿ ದೊಡ್ಡದು ಮಾಡಿ. 7500 ಭಾಗಿಸು 6000 ಅಂದರೆ 1.25. ಹಾಗಾಗಿ 120 ಮಿ.ಮೀ. ಪುಲ್ಲಿ ಇದ್ದದ್ದು 150 ಆಗಬೇಕು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್‌ಗೇನು ಕಮ್ಮಿ? ಅಲ್ಯೂಮಿನಿಯಂ ತುಂಡು ಕೊಟ್ಟು ಹಳೆಯ ಪುಲ್ಲಿಯ ಗ್ರೂವ್ ಅಳತೆ ತೋರಿಸಿದರೆ ಒಳ್ಳೆಯ ಟರ್ನರ್ ಸಂಜೆಯೊಳಗೆ ಮಾಡಿಕೊಡುತ್ತಾರೆ. ಬೆಲ್ಟ್ ಉದ್ದ ಬದಲಾಗುತ್ತದೆ, ಅದನ್ನೂ ಅಳೆದು ತನ್ನಿ.

ಪೈಪ್ ವಿಷಯದಲ್ಲಿ ನಮ್ಮ ಊರಿನವರು ಪುಣ್ಯವಂತರು. ಟ್ರ್ಯಾಕ್ಟರ್, ಜೆಸಿಬಿಗೆ ಹೈಡ್ರಾಲಿಕ್ ಪೈಪ್ ಕ್ರಿಂಪ್ ಮಾಡಿಕೊಡುವ ಅಂಗಡಿಗಳಿವೆ. ಒಳಗೆ ಸ್ಟೀಲ್ ತಂತಿ ಹೆಣೆದ ಪೈಪನ್ನೇ ಒತ್ತಡದ ಕಡೆ ಹಾಕಿ. ಕ್ಲಿಪ್ ಬಿಗಿದ ಸಾದಾ ರಬ್ಬರ್ ಪೈಪ್ ವಾಪಸ್ ಕಡೆಗೆ ಮಾತ್ರ. ಕಂಪನಿಯ ಪೈಪ್ ಸ್ವಲ್ಪ ಹಿಗ್ಗುವ ಹಾಗೆ ಮಾಡಿರುತ್ತಾರೆ, ಪಂಪಿನ ಗುಂಯ್‌ಗುಡುವಿಕೆ ನುಂಗಲಿ ಅಂತ. ಟ್ರ್ಯಾಕ್ಟರ್ ಪೈಪ್ ಗಟ್ಟಿ, ಹಾಗಾಗಿ ಸದ್ದು ಬರಬಹುದು. ರೇಸ್ ಕಾರಿನಲ್ಲಿ ಆ ಸದ್ದಿಗೆ ಯಾರು ಅಳುತ್ತಾರೆ?

ಪೈಪ್ ಎಗ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನಿನಿಂದ ಬಿಸಿ ಹೊಗೆ ಹೊರಬರುವ ಕೊಳವೆಗಳ ಹತ್ತಿರ ಹೋಗಲೇಬಾರದು. ಒತ್ತಡದಲ್ಲಿರುವ ಆಯಿಲ್ ಸಣ್ಣ ಬಿರುಕಿನಿಂದ ಮಂಜಿನ ಹಾಗೆ ಸಿಡಿಯುತ್ತದೆ, ಕೆಂಪಗೆ ಕಾದ ಮ್ಯಾನಿಫೋಲ್ಡ್ ಸಿಕ್ಕರೆ ಬೆಂಕಿ. ದಾರಿಯೇ ಇಲ್ಲ ಅಂದರೆ ನಡುವೆ ತಗಡಿನ ಅಡ್ಡ ಹಾಕಿ, ಪೈಪಿಗೆ ಶಾಖ ತಡೆಯುವ ತೊಗಟೆ ತೊಡಿಸಿ.

ಕೂಲರ್ ವಾಪಸ್ ಪೈಪಿನಲ್ಲಿ ಇಡಿ, ಒತ್ತಡದ ಕಡೆ ಅಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಸಣ್ಣ ಕೂಲರ್ ಸಾಕು. ಬೆಳಗಾವಿಯ ತಂಪಿನಲ್ಲಿ ಕೂಲರ್ ಇಲ್ಲದೆ ನಡೆದುಬಿಡಬಹುದು, ಆದರೆ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅದೇ ಕಾರು ಹತ್ತು ನಿಮಿಷಕ್ಕೆ ಆಯಿಲ್ ಕಕ್ಕುತ್ತದೆ. ಡಬ್ಬಿಯ ಮೇಲೆ ಬಿಸಿ ತೋರಿಸುವ ಸ್ಟಿಕರ್ ಅಂಟಿಸಿ. 120 ಡಿಗ್ರಿ ಸುಳಿವು ಕಂಡರೆ ಆ ಆಯಿಲ್ ಚೆಲ್ಲಿ, ಹೊಸದು ಹಾಕಿ.

ಆಯಿಲ್ ಯಾವುದು ಅಂತ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಬಹಳಷ್ಟು ಕಾರಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), ಕೆಲವಕ್ಕೆ ಕಂಪನಿಯದೇ ಬೇರೆ. ಬ್ರೇಕ್ ಆಯಿಲ್ ಮಾತ್ರ ಹಾಕಬೇಡಿ. ಎರಡಕ್ಕೂ ಆಯಿಲ್ ಅಂತಲೇ ಕರೆಯುತ್ತೇವೆ, ಅದಕ್ಕೇ ಈ ಅನಾಹುತ. ಬ್ರೇಕ್ ಆಯಿಲ್ ತಾಗಿದರೆ ಪಂಪು, ರ್ಯಾಕಿನ ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ.

ಗಾಳಿ ತೆಗೆಯುವುದು ಹೀಗೆ: ಮುಂದಿನ ಗಾಲಿ ಎರಡೂ ನೆಲ ಬಿಡುವ ಹಾಗೆ ಸ್ಟ್ಯಾಂಡ್ ಮೇಲೆ ಕೂರಿಸಿ, ಎಂಜಿನ್ ಶುರು ಮಾಡದೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಿಧಾನ ತಿರುಗಿಸಿ. ಡಬ್ಬಿಯಲ್ಲಿ ಇಳಿದಷ್ಟು ಆಯಿಲ್ ತುಂಬುತ್ತಾ ಇರಿ. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ. ಆಯಿಲ್ ಹಾಲಿನ ನೊರೆಯ ಹಾಗೆ ಕಂಡರೆ ಇನ್ನೂ ಗಾಳಿ ಇದೆ ಅಂತ ಅರ್ಥ. ಚಕ್ರವನ್ನು ಪೂರ್ತಿ ತಿರುಗಿಸಿ ತುದಿಯಲ್ಲಿ ಒತ್ತಿ ಹಿಡಿಯಬೇಡಿ. ಆಗ ಪಂಪ್ ಪೂರ್ತಿ ಒತ್ತಡದಲ್ಲಿ ಸುಮ್ಮನೆ ಆಯಿಲ್ ಕಾಯಿಸುತ್ತಿರುತ್ತದೆ.

ಹಂತ 6: ಎಲೆಕ್ಟ್ರಿಕ್ ಹಾಕುವುದಾದರೆ

ಎರಡು ಬಗೆ ಇದೆ. ಒಂದು, ಹೈಡ್ರಾಲಿಕ್ ರ್ಯಾಕೇ, ಆದರೆ ಪಂಪ್ ತಿರುಗಿಸುವುದು ಬೆಲ್ಟ್ ಅಲ್ಲ, ಕರೆಂಟ್ ಮೋಟಾರ್. ಹಳೆಯ ಸ್ಕೋಡಾ ಫೇಬಿಯಾದಲ್ಲಿ ಈ ತರಹದ್ದು ಬಂದಿತ್ತು. ಪಂಪನ್ನು ಬೇಕಾದ ಕಡೆ, ಬೇಕಾದರೆ ಡಿಕ್ಕಿಯಲ್ಲೂ ಇಡಬಹುದು ಅನ್ನುವುದು ಲಾಭ. ಎಂಜಿನ್ ಬದಲಿಸಿ ಬೆಲ್ಟಿಗೆ ಜಾಗವೇ ಉಳಿಯದಿದ್ದಾಗ ಇದು ಒಳ್ಳೆಯದು. ಕರೆಂಟ್ ಮಾತ್ರ ಚೆನ್ನಾಗಿ ತಿನ್ನುತ್ತದೆ.

ಇನ್ನೊಂದು ಕಾಲಂ ಇಪಿಎಸ್, ಅಂದರೆ ಕಾಲಂ ಮೇಲಿನ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. ಸಾದಾ ರ್ಯಾಕ್ ಮೇಲೆ, ಡ್ಯಾಶ್‌ಬೋರ್ಡಿನ ಕೆಳಗೆ ಕಾಲಂಗೆ ಮೋಟಾರ್ ಕೂರಿಸಿರುತ್ತಾರೆ. ಈ ಬಗೆಯ ಸ್ಟೀರಿಂಗ್ ಮೊದಲು ಬಂದದ್ದು 1988ರಲ್ಲಿ ಜಪಾನಿನ ಸುಜುಕಿ ಸರ್ವೊ ಅನ್ನುವ ಪುಟ್ಟ ಕಾರಿನಲ್ಲಿ. ನಮ್ಮ ಸ್ವಿಫ್ಟ್, ಆಲ್ಟೊ ಎಲ್‌ಎಕ್ಸ್‌ಐನಲ್ಲಿ ಇರುವುದು ಅದೇ ವಂಶ. ಆಯಿಲ್ ಇಲ್ಲ, ಬೆಲ್ಟ್ ಇಲ್ಲ. ನಿಮ್ಮ ಕಾರಿನಲ್ಲಿ ಕಂಪನಿಯದೇ ಇಪಿಎಸ್ ಇದ್ದು ಸರಿ ಕೆಲಸ ಮಾಡುತ್ತಿದ್ದರೆ ಅದನ್ನು ಮುಟ್ಟಬೇಡಿ. ಇದು ಸಲಹೆ ಅಲ್ಲ, ಬೇಡಿಕೆ.

ಬೇರೆ ಕಾರಿನ ಇಪಿಎಸ್ ತಂದು ಕೂರಿಸುವವರಿಗೆ ಕೆಲವು ಮಾತು.

ಮೋಟಾರ್ ಒಂದನ್ನೇ ತರಬೇಡಿ. ಕಾಲಂ, ಮೋಟಾರ್, ಅದರ ಇಸಿಯು, ಅಂದರೆ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಮತ್ತು ಕನೆಕ್ಟರ್ ಸಮೇತ ಒಂದು ಗೇಣು ವೈರ್, ಎಲ್ಲ ಒಂದೇ ಕಾರಿನಿಂದ ಬರಬೇಕು. ಗುಜರಿಯವರು ವೈರ್ ಕತ್ತರಿಸುವ ಮೊದಲೇ ನೀವು ಅಲ್ಲಿರಬೇಕು.

ಆ ಇಸಿಯುಗೆ ಎರಡು ಸುದ್ದಿ ಬೇಕಾಗಿರುತ್ತದೆ: ಎಂಜಿನ್ ಓಡುತ್ತಿದೆಯೇ, ಕಾರು ಎಷ್ಟು ವೇಗದಲ್ಲಿದೆ. ಸುದ್ದಿ ಸಿಗದಿದ್ದರೆ ಕೆಲವು ಪೂರ್ತಿ ಮುಷ್ಕರ ಹೂಡುತ್ತವೆ, ಕೆಲವು ಒಂದೇ ಮಟ್ಟದ ಸಹಾಯ ಕೊಡುತ್ತಾ ಇರುತ್ತವೆ. ವಿದೇಶದಲ್ಲಿ ರೇಸ್ ಕಾರು ಕಟ್ಟುವವರು ಓಪೆಲ್ ಕೊರ್ಸಾದ ಕಾಲಂ ಹುಡುಕಿಕೊಂಡು ಹೋಗುವುದು ಈ ಎರಡನೇ ಗುಣಕ್ಕೇ. ಹೊಸ ಕಾರುಗಳಲ್ಲಿ ಇಸಿಯುಗಳು ಕ್ಯಾನ್ ಅನ್ನುವ ಜಾಲದಲ್ಲಿ ಒಂದಕ್ಕೊಂದು ಮಾತಾಡುತ್ತಿರುತ್ತವೆ. ಉಳಿದ ಪೆಟ್ಟಿಗೆಗಳು ಇಲ್ಲದಿದ್ದರೆ ಇದು ಎದ್ದೇಳುವುದೂ ಇಲ್ಲ. ಹಳೆಯ ಮಾದರಿಯದನ್ನೇ ಹುಡುಕಿ.

ಟಾರ್ಕ್ ಸೆನ್ಸರ್ ಬಿಚ್ಚಬೇಡಿ. ನೀವು ಎಷ್ಟು ಬಲ ಹಾಕುತ್ತಿದ್ದೀರಿ ಅಂತ ಅಳೆಯುವುದು ಅದೇ. ಅದರ ಸೊನ್ನೆ ಕದಲಿದರೆ ಕೈ ಬಿಟ್ಟಾಗ ಚಕ್ರ ತಾನೇ ಒಂದು ಕಡೆ ಓಡುತ್ತದೆ. ದೆವ್ವ ಹಿಡಿದ ಹಾಗೆ.

ಕರೆಂಟ್ ಲೆಕ್ಕ. ಬಿಗಿಯಾಗಿ ತಿರುಗಿಸುವಾಗ 50 ಆಂಪಿಯರ್ ಎಳೆದರೆ 12 ವೋಲ್ಟಿಗೆ 600 ವಾಟ್. ಹೆಡ್‌ಲೈಟ್ ವೈರಿಗೆ ಜೋಡಿಸುವ ವಸ್ತು ಅಲ್ಲ ಇದು. ಬ್ಯಾಟರಿಯಿಂದ 10 ಚದರ ಮಿ.ಮೀ. ವೈರ್ ಬೇರೆಯೇ ಎಳೆಯಿರಿ, ಅಷ್ಟೇ ದಪ್ಪದ ಅರ್ತಿಂಗ್ ಕೊಡಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಡಿ, ಆ ಕಾರಿನಲ್ಲಿ ಇದ್ದ ಅಳತೆಯದೇ. ಬಣ್ಣ ಬಳಿದ ತಗಡಿನ ಮೇಲೆ ಅರ್ತಿಂಗ್ ಬೋಲ್ಟ್ ಬಿಗಿದು, ಇಪಿಎಸ್ ಸರಿ ಇಲ್ಲ ಅಂತ ಬೈದವರನ್ನು ನೋಡಿದ್ದೇನೆ. ಬಣ್ಣ ಕೆರೆಯಿರಿ. ಆಲ್ಟರ್ನೇಟರ್ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ, ಫ್ಯಾನ್, ಫ್ಯೂಯೆಲ್ ಪಂಪ್ ಎಲ್ಲ ಕೂಡಿಸಿ ನೋಡಿ.

ಕಿಲ್ ಸ್ವಿಚ್, ಅಂದರೆ ಅಪಘಾತದಲ್ಲಿ ಹೊರಗಿನಿಂದ ಇಡೀ ಕಾರಿನ ಕರೆಂಟ್ ಕಡಿಯುವ ಸ್ವಿಚ್. ಇಪಿಎಸ್ ವೈರ್ ಅದನ್ನು ದಾಟಿಯೇ ಬರಬೇಕು. ನೇರ ಬ್ಯಾಟರಿಗೆ ಕೊಟ್ಟರೆ ಸ್ಕ್ರೂಟಿನಿಯಲ್ಲಿ, ಅಂದರೆ ರೇಸಿಗೆ ಮುಂಚಿನ ಕಾರು ತಪಾಸಣೆಯಲ್ಲಿ ವಾಪಸ್ ಕಳಿಸುತ್ತಾರೆ, ಕಳಿಸಲೇಬೇಕು.

ಇದರ ಮಿತಿಯೂ ಹೇಳಿಬಿಡುತ್ತೇನೆ. ಬಹಳ ಬೇಗ ಎಡಬಲ ತಿರುಗಿಸಿದರೆ ಸಣ್ಣ ಕಾರಿನ ಮೋಟಾರ್ ಕೈಯ ವೇಗಕ್ಕೆ ಹಿಂದೆ ಬೀಳುತ್ತದೆ. ಕಾದರೆ ತನ್ನನ್ನು ಉಳಿಸಿಕೊಳ್ಳಲು ಸಹಾಯ ಕಡಿಮೆ ಮಾಡುತ್ತದೆ. ಆಲ್ಟೊದ ಮೋಟಾರನ್ನು ಭಾರಿ ಸೆಡಾನಿಗೆ ಹಾಕಿದರೆ ಎರಡೂ ಆಗುತ್ತದೆ. ತೂಕದಲ್ಲಿ ನಿಮ್ಮ ಕಾರಿಗೆ ಸಮ ಇರುವ ಕಾರಿನದೇ ತನ್ನಿ.

ಹಂತ 7: ಜೋಡಣೆ

ರ್ಯಾಕ್ ಕಂಪನಿ ಇಟ್ಟ ಎತ್ತರದಲ್ಲೇ ಇರಲಿ. ಅದನ್ನು ಒಂದು ಸೆಂ.ಮೀ. ಮೇಲೆ ಕೆಳಗೆ ಮಾಡಿದರೂ ಸಸ್ಪೆನ್ಷನ್ ಏರಿಳಿದಾಗ ಗಾಲಿ ತಾನಾಗಿ ಒಳಗೆ ಹೊರಗೆ ತಿರುಗಲು ಶುರುವಾಗುತ್ತದೆ. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಹುಚ್ಚು ಕುದುರೆ ಆಗಲು ಇದೊಂದೇ ಸಾಕು.

ಕಾಲಂ ಬದಲಿಸಿದಾಗ ಯುಜೆ ಕ್ರಾಸ್‌ಗಳ ಕೋನ ನೋಡಿ. ಎರಡು ಕ್ರಾಸ್ ಇದ್ದರೆ ಎರಡರ ಕೋನವೂ ಸಮ ಇರಬೇಕು, ನಡುವಿನ ದಂಡದ ಎರಡು ಕವಲು ಒಂದೇ ಸಾಲಿಗೆ ಬರಬೇಕು. ತಪ್ಪಿದರೆ ಒಂದು ಸುತ್ತಿನಲ್ಲಿ ಎರಡು ಸಲ ಭಾರ, ಎರಡು ಸಲ ಹಗುರ ಅನ್ನಿಸುತ್ತದೆ. ಮತ್ತೆ ಅದಕ್ಕೂ ಪಂಪನ್ನೇ ಬೈಯುತ್ತೀರಿ. ಕೋನ 30 ಡಿಗ್ರಿ ದಾಟದಿರಲಿ. ಉದ್ದ ಸಾಲದಿದ್ದರೆ ದಂಡ ಕತ್ತರಿಸಿ ತುದಿಗೆ ತುದಿ ಬೆಸೆಯುವುದು ಬೇಡ, ಸ್ಪ್ಲೈನ್, ಅಂದರೆ ತುದಿಯಲ್ಲಿ ಉದ್ದುದ್ದ ಹಲ್ಲು ಇರುವ ಸರಿಯಾದ ದಂಡ ಮಾಡಿಸಿ.

ಹಂತ 8: ಓಡಿಸಿ ನೋಡುವುದು

ಚೋರ್ಲಾ ಘಾಟಿಯಲ್ಲಿ ಅಲ್ಲ, ಹೈವೇಯಲ್ಲೂ ಅಲ್ಲ. ನೋಂದಣಿಯಲ್ಲಿ ಇರುವ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸಿದ ವಾಹನ ರಸ್ತೆಗೆ ಇಳಿಯುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನೇ ಹೇಳುತ್ತದೆ. ಟ್ರೇಲರ್ ಮೇಲೆ ಹಾಕಿಕೊಂಡು, ಅನುಮತಿ ಇರುವ ಖಾಲಿ ಜಾಗಕ್ಕೆ ಹೋಗಿ.

ಮೊದಲ ಪರೀಕ್ಷೆ ಪವರ್ ಇಲ್ಲದೆ. ಫ್ಯೂಸ್ ತೆಗೆದು ಅಥವಾ ಬೆಲ್ಟ್ ಬಿಚ್ಚಿ, 30 ಕಿ.ಮೀ. ವೇಗದಲ್ಲಿ ಕಾರನ್ನು ತಿರುಗಿಸಿ ನಿಲ್ಲಿಸಲು ಆಗುತ್ತದೆಯೇ ನೋಡಿ. ಟ್ರ್ಯಾಕಿನಲ್ಲಿ ಪವರ್ ಕೈಕೊಡುವ ದಿನ ಬಂದೇ ಬರುತ್ತದೆ, ಆ ದಿನ ಕಾರನ್ನು ಬದಿಗೆ ತರುವಷ್ಟಾದರೂ ಬಲ ಬೇಕು. ಆಗದಿದ್ದರೆ ಹಂತ 2ಕ್ಕೆ ವಾಪಸ್.

ಆಮೇಲೆ ಪವರ್ ಹಾಕಿ ಐದಾರು ಕೋನ್ ಇಟ್ಟು ಹಾವಿನ ಹಾಗೆ ಓಡಿಸಿ. ಕೈ ಸಡಿಲ ಬಿಟ್ಟಾಗ ಚಕ್ರ ನಡುವಿಗೆ ಬರಬೇಕು. ಬೇಗ ತಿರುಗಿಸಿದಾಗ ಗಕ್ಕನೆ ನಿಲ್ಲಬಾರದು. ಹತ್ತು ನಿಮಿಷ ಆದ ಮೇಲೆ ನಿಲ್ಲಿಸಿ ಬಾನೆಟ್ ತೆಗೆಯಿರಿ: ಪೈಪಿನ ಜಾಯಿಂಟ್‌ಗಳಲ್ಲಿ ಒದ್ದೆ ಇದೆಯೇ, ಇಪಿಎಸ್ ಆದರೆ ಫ್ಯೂಸ್ ಹಿಡಿಕೆ ಬಿಸಿ ಆಗಿದೆಯೇ. ಟೈ ರಾಡ್ ಲಾಕ್ ನಟ್, ರ್ಯಾಕ್ ಬೋಲ್ಟ್ ಮತ್ತೊಮ್ಮೆ ಬಿಗಿದು, ಮೇಲೆ ಪೇಂಟಿನಿಂದ ಗೆರೆ ಎಳೆಯಿರಿ. ಸಡಿಲ ಆದರೆ ಗೆರೆ ಮುರಿದು ಕಾಣುತ್ತದೆ.

ಟ್ರ್ಯಾಕಿಗೆ ಹೋಗುವಾಗ ಡಬ್ಬದಲ್ಲಿ ಇವಿರಲಿ: ಅದೇ ಅಳತೆಯ ಫ್ಯೂಸ್ ನಾಲ್ಕು, ಒಂದು ಬೆಲ್ಟ್, ಒಂದು ಲೀಟರ್ ಸರಿಯಾದ ಆಯಿಲ್, ಪೈಪ್ ಜಾಯಿಂಟಿನ ತಾಮ್ರದ ವಾಷರ್ ಒಂದು ಹಿಡಿ. ವಾಷರ್ ಮರೆತು ಹೋದವರು ಪಕ್ಕದ ಪಿಟ್‌ನಲ್ಲಿ ಬೇಡುವುದನ್ನು ಪ್ರತಿ ವರ್ಷ ನೋಡುತ್ತೇನೆ.